‘ಎಚ್ಚರಿಕೆ’ ಅನ್ನೋ ಪದದ ಹಿಂದಿನ ಮುಯ್ಯಾಳುಗಳು: ಕನ್ನಡದ ಮುಕ್ತ ತಂತ್ರಾಂಶಕ್ಕೆ ಕೈಪಿಡಿ ಬರೆದವರ ಕಥೆ

ಇವತ್ತಿನ ಕಥೆ ಶುರುವಾಗೋದು ಆಲೂರು ಸೀಮೆಯ ನಮ್ಮ ಚಿಕ್ಕಪ್ಪನ ಮನೆ ಜಗಲಿಯಿಂದ.

ಆಲೂರು, ಸಕಲೇಶಪುರದ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಬೆಳಗ್ಗೆ ಎದ್ದು ಕೇಳೋ ಮೊದಲ ಪ್ರಶ್ನೆ ಮಳೆ ಬಗ್ಗೆ ಅಲ್ಲ, ಆನೆ ಬಗ್ಗೆ. ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗೋರು, ಗದ್ದೆಗೆ ನೀರು ಕಟ್ಟೋಕೆ ಹೋಗೋರು, ಶಾಲೆಗೆ ನಡೆದು ಹೋಗೋ ಮಕ್ಕಳು, ಎಲ್ಲರಿಗೂ ಅದೇ ಚಿಂತೆ. ಅದಕ್ಕೇ ಈ ಭಾಗದಲ್ಲಿ ಅರಣ್ಯ ಇಲಾಖೆಯೂ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅನ್ನೋ ಸಂಸ್ಥೆಯೂ ಸೇರಿ, ಆನೆ ಎಲ್ಲಿದೆ ಅಂತ ಫೋನ್ ಸಂದೇಶ, ಧ್ವನಿ ಕರೆ, ಡಿಜಿಟಲ್ ಫಲಕಗಳ ಮೂಲಕ ಜನರಿಗೆ ತಿಳಿಸೋ ವ್ಯವಸ್ಥೆ ಮಾಡಿವೆ. ಆ ಮಾಹಿತಿ ಊರಿನ ವಾಟ್ಸಾಪ್ ಗುಂಪುಗಳಲ್ಲೂ ಕೈಯಿಂದ ಕೈಗೆ ಓಡಾಡುತ್ತೆ.

ಚಿಕ್ಕಪ್ಪ ಜಗಲಿ ಮೇಲೆ ಕೂತು ಅಂಥದ್ದೊಂದು ಸಂದೇಶ ಗಟ್ಟಿಯಾಗಿ ಓದ್ತಾರೆ. “ಎಚ್ಚರಿಕೆ... ಕೆಳಗ್ಲ ತೋಟದ ಹತ್ರ ಅದೆಯಂತೆ ಕಣೋ, ಈವತ್ತು ಆ ಕಡೆ ಹೋಗದು ಬ್ಯಾಡ.” ಅವರಿಗೆ ಇಂಗ್ಲಿಷ್ ಓದೋಕೆ ಬರಲ್ಲ. ಆ ಸಂದೇಶ ಇಂಗ್ಲಿಷ್‌ನಲ್ಲಿ ಬಂದಿದ್ರೆ, ಅಥವಾ ಹಳೇ ಫೋನ್‌ಗಳಲ್ಲಿ ಬರ್ತಾ ಇತ್ತಲ್ಲ, ಹಾಗೆ ಅಕ್ಷರದ ಬದಲು ಬರೀ ಚೌಕ ಚೌಕ ಡಬ್ಬಿ ಕಾಣಿಸಿದ್ರೆ? ಅವತ್ತು ಅವರು ಕೆಳಗಿನ ತೋಟಕ್ಕೆ ಹೋಗೇ ಬಿಡ್ತಿದ್ರು.

ಹಾಗಾದ್ರೆ ಆ ಫೋನ್‌ಗೆ ಕನ್ನಡ ಕಲಿಸಿದ್ದು ಯಾರು? ಇವತ್ತಿನ ಕಂತಿನಲ್ಲಿ ಆ ಇತಿಹಾಸದ ಒಂದು ಎಳೆ ಹಿಡಿಯೋಣ. ತಂತ್ರಾಂಶ ಬರೆದವರ ಹೆಸರು ಆಗೀಗ ಕೇಳಿಬರುತ್ತೆ. ಆದರೆ ‘ಇದನ್ನ ಹೀಗೆ ಬಳಸಿ’ ಅಂತ ಕನ್ನಡದಲ್ಲಿ ಬರೆದಿಟ್ಟವರು, ಯಾವ ಗುಂಡಿಗೆ ಯಾವ ಪದ ಅಂತ ಕೂತು ಜಗಳ ಆಡಿದವರು? ನಮ್ಮ ಕಥೆ ಅವರದ್ದು.

ಒಂದು ಪದ, ಎಂಟು ಸಂಕೇತ

ಮೊದಲು ‘ಎಚ್ಚರಿಕೆ’ ಅನ್ನೋ ಪದವನ್ನೇ ತಗೊಳ್ಳಿ. ನಮ್ಮ ಕಣ್ಣಿಗೆ ಅದು ನಾಲ್ಕು ಅಕ್ಷರ. ಫೋನ್ ಒಳಗೆ ಅದು ಎಂಟು ಸಂಕೇತ. ಎ, ಆಮೇಲೆ ಚ, ಆಮೇಲೆ ಒಂದು ವಿರಾಮ ಚಿಹ್ನೆ, ಮತ್ತೆ ಚ, ರ, ಇಕಾರದ ಗುಡಿಸು, ಕ, ಎಕಾರದ ಚಿಹ್ನೆ. ಎರಡನೇ ಚ ಮೇಲಿನ ಸಾಲಿನಲ್ಲಿ ಕೂರದೆ ಕೆಳಗಿಳಿದು ಒತ್ತಾಗಬೇಕು ಅನ್ನೋದು ನಮಗೆ ಎರಡನೇ ಕ್ಲಾಸಿನಿಂದ ಗೊತ್ತು. ಯಂತ್ರಕ್ಕೆ ಗೊತ್ತಿರಲ್ಲ. ಯಾರೋ ಆ ನಿಯಮವನ್ನ ಅದಕ್ಕೆ ಬರೆದುಕೊಡಬೇಕು.

ಕನ್ನಡ ಲಿಪಿಗೆ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು ಅದರ ಮೊದಲ ಆವೃತ್ತಿಯಲ್ಲೇ, 1991ರಲ್ಲಿ. ಆದರೆ ಆಂಡ್ರಾಯ್ಡ್ ಫೋನ್‌ಗಳಿಗೆ ಕನ್ನಡದ ಬೆಂಬಲ ಬಂದಿದ್ದು 2012ರ 4.1ನೇ ಆವೃತ್ತಿಯಲ್ಲಿ. ನಡುವೆ 21 ವರ್ಷ. ಸಂಕೇತ ಸಿಕ್ಕ ಮಾತ್ರಕ್ಕೆ ಅಕ್ಷರ ಪರದೆ ಮೇಲೆ ಮೂಡಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇವತ್ತು ನಿಮ್ಮ ಆಂಡ್ರಾಯ್ಡ್ ಫೋನ್‌ನಲ್ಲಿ ಒತ್ತಕ್ಷರವನ್ನ ಅದರ ಜಾಗದಲ್ಲಿ ಕೂರಿಸೋದು ಹಾರ್ಫ್‌ಬಜ್ ಅನ್ನೋ ತಂತ್ರಾಂಶ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್‌ಗಳಲ್ಲೂ ಅದೇ ಇದೆ. ಅದು ಮುಕ್ತ ತಂತ್ರಾಂಶ. ಅಂದರೆ ಅದರ ಮೂಲ ಬರಹವನ್ನ ಯಾರು ಬೇಕಾದ್ರೂ ತೆರೆದು ಓದಬಹುದು, ತಪ್ಪಿದ್ರೆ ತಿದ್ದಬಹುದು, ತಮ್ಮ ಕೆಲಸಕ್ಕೆ ಬಳಸಬಹುದು.

ಅಕ್ಕಿ ಬೇರೆ, ಬಿತ್ತನೆ ಭತ್ತ ಬೇರೆ

ಇಲ್ಲೊಂದು ಗೊಂದಲ ಬಿಡಿಸ್ಕೋಬೇಕು. ಪುಕ್ಕಟೆ ಸಿಗೋ ತಂತ್ರಾಂಶವೆಲ್ಲ ಮುಕ್ತ ತಂತ್ರಾಂಶ ಅಲ್ಲ.

ನಿಮಗೆ ಯಾರೋ ಒಂದು ಮೂಟೆ ಅಕ್ಕಿ ಉಚಿತವಾಗಿ ಕೊಟ್ರು ಅಂತ ಇಟ್ಕೊಳ್ಳಿ. ಊಟ ಆಗುತ್ತೆ, ಸಂತೋಷ. ಆದರೆ ಅದನ್ನ ಗದ್ದೆಗೆ ಚೆಲ್ಲಿದ್ರೆ ಸಸಿ ಹುಟ್ಟಲ್ಲ. ಮುಂದಿನ ವರ್ಷ ಮತ್ತೆ ಅವರ ಮನೆ ಬಾಗಿಲಿಗೇ ಹೋಗಬೇಕು. ಅದೇ ಒಂದು ಪಲ್ಲ ಬಿತ್ತನೆ ಭತ್ತ ಕೊಟ್ರೆ? ನೀವೇ ಬೆಳೀತೀರಿ, ಪಕ್ಕದ ಮನೆಯವರಿಗೂ ಕೊಡ್ತೀರಿ, ನಿಮ್ಮ ಮಣ್ಣಿಗೆ ಹೊಂದೋ ಹಾಗೆ ಆರಿಸಿ ಇಟ್ಕೋತೀರಿ. ಮುಕ್ತ ತಂತ್ರಾಂಶ ಅಂದ್ರೆ ಬಿತ್ತನೆ ಭತ್ತ.

ಕನ್ನಡ ಗಣಕದ ಮೊದಲ ದಿನಗಳಲ್ಲಿ ನಮಗೆ ದೊಡ್ಡ ಮನಸ್ಸಿನವರು ಸಿಕ್ಕಿದ್ರು. ಕೆ.ಪಿ. ರಾವ್ ಅವರು ಕನ್ನಡದ ಕೀಲಿಮಣೆಯ ವಿನ್ಯಾಸವನ್ನ ರೂಪಿಸಿ, ‘ಸೇಡಿಯಾಪು’ ಅನ್ನೋ ತಂತ್ರಾಂಶ ಮಾಡಿ ಜನರಿಗೆ ಕೊಟ್ಟರು. ಇವತ್ತು ಸರ್ಕಾರಿ ಕಚೇರಿಗಳಲ್ಲಿ ಬೆರಳಚ್ಚು ಮಾಡೋರು ಬಳಸೋ ವಿನ್ಯಾಸದ ಬೇರು ಅವರದ್ದೇ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. 2001ರ ಹೊತ್ತಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಸಾವಿರಾರು ಜನ ಕನ್ನಡದಲ್ಲಿ ಟೈಪ್ ಮಾಡೋಕೆ ಕಲಿತದ್ದು ಇವುಗಳಿಂದಲೇ. ಆ ಋಣ ಸಣ್ಣದಲ್ಲ.

ಆದರೆ ಆ ಕಾಲದಲ್ಲಿ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಫಾಂಟು, ಒಂದೊಂದು ಒಳಗಿನ ಸಂಕೇತ. ಒಂದರಲ್ಲಿ ಬರೆದ ಕಡತ ಇನ್ನೊಂದರಲ್ಲಿ ತೆರೆದ್ರೆ ಬರೀ ಕಲಸುಮೇಲೋಗರ. ತಿದ್ದೋಣ ಅಂದ್ರೆ ಒಳಗಿನ ಬರಹ ಎಲ್ಲರಿಗೂ ತೆರೆದಿರಲಿಲ್ಲ.

ಈ ಚಿಂತೆ ನಮ್ಮ ಬೆಟ್ಟಗಳ ತನಕವೂ ಬಂದಿತ್ತು. ಸಕಲೇಶಪುರದಿಂದ ಮೂಡಿಗೆರೆ ದೂರವೇನಲ್ಲ. ಜಿಲ್ಲೆ ಬೇರೆ, ಮಳೆ ಒಂದೇ, ಕಾಫಿ ಒಂದೇ. ಅಲ್ಲಿನ ‘ನಿರುತ್ತರ’ ಅನ್ನೋ ಮನೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿ ಅವರನ್ನ ನಾವು ಕರ್ವಾಲೋ ಕಾದಂಬರಿಯಿಂದ, ಹಕ್ಕಿ ಚಿತ್ರಗಳಿಂದ ನೆನೀತೀವಿ. ಅವರು 2007ರ ಏಪ್ರಿಲ್ 5ರಂದು ತೀರಿಕೊಂಡರು. ತಮ್ಮ ಕೊನೆಯ ವರ್ಷಗಳಲ್ಲಿ ಅವರು ತುಂಬಾ ತಲೆ ಕೆಡಿಸಿಕೊಂಡ ವಿಷಯಗಳಲ್ಲಿ ಕನ್ನಡ ತಂತ್ರಾಂಶವೂ ಒಂದು. ಗಣಕಕ್ಕೆ ಹೊಂದಿಕೊಳ್ಳದ ಭಾಷೆ ಮುಂದೆ ಬದುಕೋದು ಕಷ್ಟ ಅನ್ನೋದು ಅವರ ಆತಂಕ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ತೋಟದ ನಡುವೆ ಕೂತ ಸಾಹಿತಿಯೊಬ್ಬರಿಗೆ ಫಾಂಟು, ಕೀಲಿಮಣೆ ಸಾಹಿತ್ಯದಷ್ಟೇ ಮುಖ್ಯ ಅನ್ನಿಸಿತ್ತು.

ಕೈಪಿಡಿಯ ಪರವಾನಗಿಯಿಂದ ಕನ್ನಡ ವಿಕಿಪೀಡಿಯಕ್ಕೆ

ಈಗ ಸ್ವಲ್ಪ ಹೊರಗಿನ ಪ್ರಪಂಚ ನೋಡೋಣ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನು ಅನ್ನೋ ಯೋಜನೆ ಘೋಷಿಸಿದ್ರು. ಎಲ್ಲರೂ ಓದಬಹುದಾದ, ತಿದ್ದಬಹುದಾದ ತಂತ್ರಾಂಶ ಅದರ ಗುರಿ. ಕೆಲಸ ಮುಂದುವರೀತಾ ಅವರಿಗೆ ಇನ್ನೊಂದು ಕೊರತೆ ಕಾಣಿಸ್ತು. ತಂತ್ರಾಂಶ ಮುಕ್ತ, ಆದರೆ ಅದನ್ನ ಬಳಸೋದು ಹೇಗೆ ಅಂತ ಹೇಳೋ ಪುಸ್ತಕಕ್ಕೆ ಬೀಗ! ತಂತ್ರಾಂಶ ಬದಲಾದಾಗ ಕೈಪಿಡಿಯೂ ಬದಲಾಗಬೇಕು. ಅದನ್ನ ತಿದ್ದೋ ಹಕ್ಕು ಇಲ್ಲದಿದ್ರೆ ಅರ್ಧ ಸ್ವಾತಂತ್ರ್ಯ ಮಾತ್ರ. ಹಾಗಾಗಿ ಕೈಪಿಡಿಗಳಿಗಾಗಿಯೇ ಒಂದು ಪರವಾನಗಿ ಬರೆದ್ರು. 2000ನೇ ಇಸವಿಯಲ್ಲಿ ಬಂದ ಅದರ ಹೆಸರು ಗ್ನು ಮುಕ್ತ ದಸ್ತಾವೇಜು ಪರವಾನಗಿ. ನಕಲು ಮಾಡಿ, ತಿದ್ದಿ, ಹಂಚಿ; ಆದರೆ ನೀವು ತಿದ್ದಿದ್ದನ್ನೂ ಬೇರೆಯವರಿಗೆ ಅದೇ ಷರತ್ತಿನ ಮೇಲೆ ಬಿಡಿ. ಇಷ್ಟೇ ಅದರ ಸಾರ.

ಇದು ನಮಗೆ ಯಾಕೆ ಮುಖ್ಯ ಅಂತೀರಾ? 2003ರ ಜೂನ್‌ನಲ್ಲಿ ಕನ್ನಡ ವಿಕಿಪೀಡಿಯ ಶುರುವಾದಾಗ ಅದರ ಲೇಖನಗಳು ಪ್ರಕಟವಾಗ್ತಾ ಇದ್ದದ್ದು ಇದೇ ಪರವಾನಗಿಯಲ್ಲಿ! ತಂತ್ರಾಂಶದ ಕೈಪಿಡಿಗೆ ಅಂತ ಮಾಡಿದ ನಿಯಮದ ನೆರಳಲ್ಲಿ ಹಂಪಿ, ಬೇಲೂರು, ಬೇಂದ್ರೆ, ರಾಗಿ ಮುದ್ದೆ ಎಲ್ಲದರ ಬಗ್ಗೆ ಕನ್ನಡದಲ್ಲಿ ಬರೆದ್ರು. 2009ರಲ್ಲಿ ವಿಕಿಪೀಡಿಯ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬದಲಾಯ್ತು. ಇವತ್ತು ಕನ್ನಡ ವಿಕಿಪೀಡಿಯದ ಲೇಖನಗಳ ಸಂಖ್ಯೆ 30 ಸಾವಿರ ದಾಟಿದೆ. ಅದರ ಆರಂಭದ ದಿನಗಳಲ್ಲಿ ದುಡಿದ ಹರಿಪ್ರಸಾದ್ ನಾಡಿಗ್ ಅವರೇ 2005ರಲ್ಲಿ ‘ಸಂಪದ’ವನ್ನೂ ಶುರು ಮಾಡಿದ್ರು. ಅದು ನಿಂತಿದ್ದು ದ್ರುಪಲ್ ಅನ್ನೋ ಮುಕ್ತ ತಂತ್ರಾಂಶದ ಮೇಲೆ.

ಆಲೂರಿನಲ್ಲಿ, ಸಕಲೇಶಪುರದಲ್ಲಿ, ಬಿಸಿಲೆಯಲ್ಲಿ

ತಂತ್ರಾಂಶದ ಪರದೆ ಮೇಲಿನ ಪದಗಳನ್ನ ಕನ್ನಡಕ್ಕೆ ತರೋ ಕೆಲಸ ಇದರ ಜೊತೆಜೊತೆಗೇ ನಡೀತು. ನೋಮ್, ಕೆಡಿಇ, ಫೈರ್‌ಫಾಕ್ಸ್, ವಿಕಿಪೀಡಿಯ ನಡೆಸೋ ಮೀಡಿಯಾವಿಕಿ, ಹೀಗೆ. ಕೆಲವರಿಗೆ ಕಂಪನಿಯ ಸಂಬಳ ಇತ್ತು. ಉಳಿದವರು ಕೆಲಸ ಮುಗಿಸಿ ಮನೆಗೆ ಬಂದು ರಾತ್ರಿ ಕೂತವರು.

ಕೇಳೋಕೆ ಸುಲಭ ಅನ್ಸುತ್ತೆ, ಅಲ್ವಾ? ಒಂದು ಪರೀಕ್ಷೆ ಮಾಡೋಣ. ಇಂಗ್ಲಿಷ್‌ನಲ್ಲಿ ‘ಇನ್’ ಅಂತ ಒಂದು ಪದ ಇಟ್ಟು, ಮುಂದೆ ಖಾಲಿ ಜಾಗ ಬಿಟ್ರೆ ಸಾಕು, ಯಾವ ಊರಿನ ಹೆಸರು ಬೇಕಾದ್ರೂ ಬಂದು ಕೂರುತ್ತೆ. ಕನ್ನಡದಲ್ಲಿ? ಸಕಲೇಶಪುರದಲ್ಲಿ. ಆಲೂರಿನಲ್ಲಿ. ಬಿಸಿಲೆಯಲ್ಲಿ. ಮೂರು ಊರಿಗೆ ಮೂರು ಥರ. ಖಾಲಿ ಜಾಗದ ಪಕ್ಕ ‘ಅಲ್ಲಿ’ ಅಂತ ಅಂಟಿಸಿದ್ರೆ ‘ಆಲೂರು ಅಲ್ಲಿ’ ಅಂತ ಬರುತ್ತೆ. ಹೊರಗಿನವರು ಮಾತಾಡಿದ ಹಾಗೆ ಕೇಳಿಸುತ್ತೆ. ನಿಮ್ಮ ಫೋನ್‌ನಲ್ಲಿ ಇಂಥ ವಿಚಿತ್ರ ಕನ್ನಡ ನೋಡಿ ನೀವೂ ನಕ್ಕಿರ್ತೀರಿ. ಅದಕ್ಕೆ ಅನುವಾದಕರ ಅಜ್ಞಾನವೇ ಕಾರಣ ಆಗಿರಬೇಕಿಲ್ಲ. ಎಷ್ಟೋ ಸಲ ಆ ವಾಕ್ಯದ ಅಚ್ಚು ನಮ್ಮ ವಿಭಕ್ತಿಗೆ ಜಾಗವನ್ನೇ ಬಿಟ್ಟಿರಲ್ಲ.

ಇನ್ನೊಂದು ತೊಡಕು. ‘ಓಪನ್’ ಅಂತ ಒಂದೇ ಪದ ಪಟ್ಟಿಯಲ್ಲಿ ಬಂದ್ರೆ ‘ತೆರೆ’ ಅಂತ ಬರೀಬೇಕಾ, ‘ತೆರೆದಿದೆ’ ಅಂತಲಾ? ಗುಂಡಿಯಾ, ಸೂಚನೆಯಾ? ಇಲ್ಲಿ ವಿವರಣೆ ಬೇಕೇ ಬೇಕು. ಮೀಡಿಯಾವಿಕಿ ಅನುವಾದ ನಡೆಯೋ ಟ್ರಾನ್ಸ್‌ಲೇಟ್‌ವಿಕಿಯಲ್ಲಿ ಇದಕ್ಕೊಂದು ಚೆಂದದ ಉಪಾಯ ಇದೆ. ಅಲ್ಲಿ ಕನ್ನಡ, ತುಳು, ಹಿಂದಿ ಥರಾನೇ ‘ಕ್ಯೂಕ್ಯೂಕ್ಯೂ’ ಅನ್ನೋ ಸಂಕೇತದ ಒಂದು ‘ಭಾಷೆ’ ಇದೆ. ಯಾರೂ ಮಾತಾಡದ ಭಾಷೆ ಅದು! ಈ ಪದ ಎಲ್ಲಿ ಬರುತ್ತೆ, ಖಾಲಿ ಜಾಗದಲ್ಲಿ ಏನು ಕೂರುತ್ತೆ ಅಂತ ಒಬ್ಬರು ಇನ್ನೊಬ್ಬರಿಗೆ ಬರೆದಿಡೋ ಟಿಪ್ಪಣಿಗಳ ಜಾಗ. ಅದನ್ನ ಓದಿ ನಮ್ಮವರು ‘ತೆರೆ’ ಅಂತ ಬರೀತಾರೆ.

ಆಮೇಲೆ ಪದಗಳ ಜಗಳ. ಫೈಲ್‌ಗೆ ‘ಕಡತ’, ಪಾಸ್‌ವರ್ಡ್‌ಗೆ ‘ಗುಪ್ತಪದ’, ಪೇಸ್ಟ್‌ಗೆ ‘ಅಂಟಿಸು’. ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಪದ ಇದ್ರೆ ಬಳಸೋರು ಎಲ್ಲಿಗೆ ಹೋಗಬೇಕು? ಅದಕ್ಕೇ ಪದೇ ಪದೇ ಬರೋ ಪದಗಳನ್ನ ಒಂದು ಪಟ್ಟಿ ಮಾಡಿ, ಕೂತು ಚರ್ಚಿಸಿ ಒಮ್ಮತಕ್ಕೆ ಬರೋ ‘ಫ್ಯೂಯೆಲ್’ ಅನ್ನೋ ಯೋಜನೆ ಭಾರತದ ಹಲವು ಭಾಷೆಗಳಲ್ಲಿ ನಡೀತು, ಕನ್ನಡದಲ್ಲೂ ನಡೀತು. ‘ಅಂಟಿಸು’ ನಮ್ಮ ನಾಲಿಗೆಗೆ ಅಂಟಿಕೊಂಡ್ತು. ‘ಗುಪ್ತಪದ’ ಅಂತ ಮನೇಲಿ ಯಾರೂ ಅನ್ನಲ್ಲ, ನಿಜ. ಜನ ಆಡೋ ಪದಕ್ಕೂ ಪರದೆ ಮೇಲಿನ ಪದಕ್ಕೂ ನಡುವೆ ಉಳಿದ ಆ ದೂರವನ್ನ ನಾವು ಮುಚ್ಚಿಡಬೇಕಿಲ್ಲ.

ಆಗಸ್ಟ್ ತಿಂಗಳ ಅಲೆಗಳು

ಪರದೆ ಕನ್ನಡವಾದ್ರೆ ಕೆಲಸ ಮುಗೀತಾ? ಇಲ್ಲ. ಲಿನಕ್ಸ್ ಅಂದ್ರೇನು, ಅದನ್ನ ಹಾಕೋದು ಹೇಗೆ, ಮುಕ್ತ ತಂತ್ರಾಂಶ ನನಗೆ ಯಾಕೆ ಬೇಕು ಅಂತ ಹಾಸನದ ಡಿಗ್ರಿ ಹುಡುಗಿಯೊಬ್ಬಳು ಕೇಳಿದ್ರೆ ಕನ್ನಡದಲ್ಲಿ ಉತ್ತರ ಎಲ್ಲಿತ್ತು?

2011ರಲ್ಲಿ ಓಂಶಿವಪ್ರಕಾಶ್ ಮತ್ತು ‘ಸಂಚಯ’ ತಂಡದ ಗೆಳೆಯರು ಈ ಕೊರತೆ ತುಂಬೋಕೆ ಹೊರಟರು. ಸ್ವಾತಂತ್ರ್ಯ ದಿನದ ನೆಪ ಇಟ್ಟುಕೊಂಡು, ಆಗಸ್ಟ್ ತಿಂಗಳಲ್ಲಿ ಸ್ವತಂತ್ರ ತಂತ್ರಾಂಶದ ಬಗ್ಗೆ ಬೇರೆ ಬೇರೆಯವರಿಂದ ಕನ್ನಡ ಲೇಖನ ಬರೆಸಿದ್ರು. ಅವನ್ನ ಸೇರಿಸಿ ಇ-ಪುಸ್ತಕ ಮಾಡಿದ್ರು. ಹೆಸರು ‘ಅರಿವಿನ ಅಲೆಗಳು’. ನಂತರವೂ ಈ ಅಲೆ ಮುಂದುವರೀತು. ಬರೆದವರು ವೃತ್ತಿ ಲೇಖಕರೇ ಆಗಿರಬೇಕಿರಲಿಲ್ಲ. ತಂತ್ರಾಂಶ ಬಳಸಿ, ಎಡವಿ, ಕಲಿತವರು. ತಾವು ಎಡವಿದ ಜಾಗದಲ್ಲಿ ಮುಂದಿನವರಿಗೆ ಒಂದು ಗುರುತು ನೆಟ್ಟು ಹೋದರು.

ಇದೇ ಬಳಗದ ಸುತ್ತಮುತ್ತ ಬೇರೆ ಕೆಲಸಗಳೂ ಚಿಗುರಿದವು. ಅರವಿಂದ ವಿ.ಕೆ. ಅವರು ‘ಗುಬ್ಬಿ’, ‘ನವಿಲು’ ಅನ್ನೋ ಮುಕ್ತ ಫಾಂಟುಗಳನ್ನ ಕೊಟ್ರು. ಹಳೇ ಸಂಕೇತಗಳಲ್ಲಿ ಸಿಕ್ಕಿಹಾಕ್ಕೊಂಡಿದ್ದ ಬರಹವನ್ನ ಯುನಿಕೋಡ್‌ಗೆ ತರೋ ಸಲಕರಣೆಗಳು ಬಂದವು. ವಚನಗಳನ್ನ ಹುಡುಕಿ ಓದೋಕೆ ‘ವಚನ ಸಂಚಯ’ ಬಂತು. ಇನ್ನೊಂದು ಕಡೆ, ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಸರ್ಕಾರದ ಹಣದಲ್ಲಿ ನಡೆದ ಯೋಜನೆ. ಅದು ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶಗಳ ಪಾಠವನ್ನ ಕನ್ನಡ ಧ್ವನಿಯಲ್ಲೂ ಕೊಡ್ತು. ಅಲ್ಲಿನ ಒಂದು ಪದ್ಧತಿ ನನಗೆ ಬಹಳ ಇಷ್ಟ. ಪಾಠ ಬರೆದಾದ ಮೇಲೆ ಅದನ್ನ ಪಂಡಿತರಿಗೆ ಮಾತ್ರ ತೋರಿಸಲ್ಲ. ಆ ವಿಷಯ ಏನೂ ಗೊತ್ತಿಲ್ಲದ ಹೊಸಬರೊಬ್ಬರಿಗೂ ಕೊಡ್ತಾರೆ. ಅವರು ಎಲ್ಲಿ ನಿಲ್ತಾರೋ ಅಲ್ಲಿ ತಪ್ಪು ಪಾಠದ್ದು.

ಮುಯ್ಯಿ ತೀರಿಸೋದು ಹೇಗೆ?

ನಮ್ಮ ಕಡೆ ‘ಮುಯ್ಯಾಳು’ ಅಂತ ಒಂದು ಪದ್ಧತಿ ಇದೆ. ನಾಟಿ ಸಮಯದಲ್ಲಿ ಇವತ್ತು ನಿಮ್ಮ ಗದ್ದೆಗೆ ನಾವು ಬರ್ತೀವಿ, ನಾಳೆ ನಮ್ಮ ಗದ್ದೆಗೆ ನೀವು ಬರ್ತೀರಿ. ದುಡ್ಡಿನ ಲೆಕ್ಕ ಇಲ್ಲ, ಆದರೆ ಆಳಿನ ಲೆಕ್ಕ ಇದ್ದೇ ಇದೆ. ಬರದೇ ಇದ್ದವರನ್ನ ಊರು ಮರೆಯಲ್ಲ. ಮುಕ್ತ ತಂತ್ರಾಂಶ ನಡೆಯೋದೂ ಹೀಗೇ ಅಂತ ನನಗನ್ನಿಸುತ್ತೆ. ಸಮಸ್ಯೆ ಇರೋದೂ ಇಲ್ಲೇ.

ಹಾರ್ಫ್‌ಬಜ್ ಬರೆದ ಮುಖ್ಯ ತಂತ್ರಜ್ಞರಿಗೆ ರೆಡ್ ಹ್ಯಾಟ್, ಗೂಗಲ್‌ನಂಥ ಕಂಪನಿಗಳು ಸಂಬಳ ಕೊಟ್ಟಿವೆ. ಒಳ್ಳೇದೇ. ಆದರೆ ಅದರ ಕನ್ನಡ ವಿವರಣೆ ಬರೆಯೋರಿಗೆ, ಅನುವಾದಕ್ಕೆ ಟಿಪ್ಪಣಿ ಇಡೋರಿಗೆ, ವಿಕಿಪೀಡಿಯದಲ್ಲಿ ತಪ್ಪು ತಿದ್ದೋರಿಗೆ ಬಹುತೇಕ ಏನೂ ಇಲ್ಲ. ಕೋಡಿಗೆ ಕೂಲಿ ಸಿಕ್ತು, ಕೈಪಿಡಿಗೆ ಸಿಗಲಿಲ್ಲ. ಬರೆದವರಿಗೆ ಮದುವೆ ಆಗುತ್ತೆ, ಕೆಲಸ ಬದಲಾಗುತ್ತೆ, ಅಪ್ಪ ಅಮ್ಮನಿಗೆ ವಯಸ್ಸಾಗುತ್ತೆ. ಕೈಪಿಡಿ ಹಾಗೇ ಉಳಿಯುತ್ತೆ. ತಂತ್ರಾಂಶ ಮಾತ್ರ ಮುಂದೆ ಓಡ್ತಾ ಇರುತ್ತೆ. 2011ರಲ್ಲಿ ‘ಈ ಗುಂಡಿ ಒತ್ತಿ’ ಅಂತ ಬರೆದಿದ್ರೆ, ಆ ಗುಂಡಿ ಇವತ್ತು ಪರದೆ ಮೇಲೆ ಇಲ್ಲದೇ ಇರಬಹುದು. ಕೈಪಿಡಿ ಅನ್ನೋದು ಕಲ್ಲಿನ ಶಾಸನ ಅಲ್ಲ, ಗದ್ದೆ ಬದು. ಪ್ರತಿ ಮಳೆಗಾಲಕ್ಕೂ ಕಟ್ಟಬೇಕು.

2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆ ಆಗಿರೋರು ಸುಮಾರು 4 ಕೋಟಿ 37 ಲಕ್ಷ. ಇಷ್ಟು ಜನರ ಗದ್ದೆಗೆ ನಾಟಿಗೆ ಇಳಿದವರು ಬೆರಳೆಣಿಕೆ. ನಾವು ಉಳಿದವರು ಬದುವಿನ ಮೇಲೆ ನಿಂತು ‘ಈ ಕನ್ನಡ ಸರಿ ಇಲ್ಲ’ ಅಂತ ಸ್ಕ್ರೀನ್‌ಶಾಟ್ ಹಾಕಿ ನಗ್ತೀವಿ. ನಾನೂ ಹಾಕಿದ್ದೀನಿ, ಒಪ್ಕೋತೀನಿ.

ಹಾಗಂತ ಎಲ್ಲರೂ ಕೋಡ್ ಕಲೀರಿ ಅಂತ ನಾನು ಹೇಳ್ತಾ ಇಲ್ಲ. ನೀವು ಬಳಸೋ ಒಂದು ಮುಕ್ತ ತಂತ್ರಾಂಶ ಆರಿಸ್ಕೊಳ್ಳಿ. ಅದನ್ನ ಕಲಿಯುವಾಗ ನೀವು ಎಲ್ಲಿ ಎಡವಿದ್ರಿ ಅಂತ ನಿಮ್ಮ ಮನೆ ಕನ್ನಡದಲ್ಲೇ ಹತ್ತು ಸಾಲು ಬರೀರಿ. ಅನುವಾದದ ಜಾಗದಲ್ಲಿ ತಪ್ಪು ಕಂಡ್ರೆ ನಕ್ಕು ಮುಂದೆ ಹೋಗೋ ಬದಲು ತಿದ್ದಿ. ಬರೆದದ್ದನ್ನ ಮೊದಲು ಗೊತ್ತಿರೋರಿಗೆ ತೋರಿಸಬೇಡಿ, ಗೊತ್ತಿಲ್ಲದವರಿಗೆ ತೋರಿಸಿ.

ಈ ಕಂತಿನ ಬರಹವನ್ನ ನಾನು ಚಿಕ್ಕಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅವರ ಗದ್ದೆಗೆ ನೀನು ಯಾವತ್ತು ಹೋಗ್ತೀಯ?”

ಉತ್ತರ ಹುಡುಕ್ತಾ ಇದ್ದೀನಿ. ನಿಮಗೂ ಅದೇ ಪ್ರಶ್ನೆ ಬಿಟ್ಟು ಹೊರಡ್ತೀನಿ. ಮುಂದಿನ ಕಂತಿನಲ್ಲಿ ಸಿಗೋಣ. ಬೆಟ್ಟದ ಕಡೆ ಇರೋರು ಕತ್ತಲಾದ ಮೇಲೆ ಹುಷಾರು. ನಮಸ್ಕಾರ.